ಗೆರೆ ದಾಟಿದ ಕೆಂಪು

"ಇಲ್ಲಿಗೆ ಬರೋಕೆ ಮುಂಚೆ ಇದಕ್ಕೇಂತ ಏನಾದ್ರೂ ಮಾತ್ರೆ ತಗೊಂಡಿದ್ರಾ ಅಮ್ಮ? ಅಂಗಡೀಲಿ ಕೇಳಿ ತಂದಿದ್ದು, ಯಾರೋ ಕೊಟ್ಟಿದ್ದು, ಯಾವುದಾದ್ರೂ ಸರಿ."

"ಅಯ್ಯೋ, ಮಾತ್ರೆ ಅಂದ್ರೇನೇ ನನಗೆ ಆಗಿಬರಲ್ಲ ಡಾಕ್ಟ್ರೇ. ಒಂದು ಚೂರೂ ಮುಟ್ಟಿಲ್ಲ," ಎಂದಳು ಅಕ್ಕ.

ಮಂಚದ ಕಾಲಬಳಿ ನಿಂತು ಹೊದಿಕೆ ಬಿಡಿಸುತ್ತಿದ್ದ ತಮ್ಮನ ಕೈ ಅಲ್ಲಿಗೇ ನಿಂತಿತು. ಅಕ್ಕ ಅವನ ಕಡೆ ತಿರುಗಿಯೂ ನೋಡಲಿಲ್ಲ. ಜ್ವರದಲ್ಲಿ ಮುಖ ಕೆಂಡವಾಗಿತ್ತು, ದಿಂಬಿನ ಮೇಲೆ ಆನಿಸಿಟ್ಟ ಎಡಗಾಲು ಮೊಣಕಾಲಿನವರೆಗೂ ಕಂಬದಂತೆ ಊದಿತ್ತು. ಅಂಥದ್ದರಲ್ಲೂ ಸುಳ್ಳು ಮಾತ್ರ ಬಾಯಿಂದ ಎಣ್ಣೆಯ ಹಾಗೆ ಜಾರಿ ಬಂದಿತ್ತು. ಚರ್ಮರೋಗದ ವಾರ್ಡಿನ ಚಿಕ್ಕ ಡಾಕ್ಟರು, ಇನ್ನೂ ಓದುತ್ತಲೇ ಕೆಲಸ ಮಾಡುತ್ತಿದ್ದ ಸಣಕಲು ಹುಡುಗಿ, ಕೈಯಲ್ಲಿದ್ದ ಅಚ್ಚು ಹಾಕಿದ ಹಾಳೆಯ ಒಂದು ಖಾನೆಯಲ್ಲಿ 'ಇಲ್ಲ' ಎಂದು ಬರೆದುಕೊಂಡರು. ವಾರ್ಡಿಗೆ ಸೇರಿದ ಪ್ರತಿಯೊಬ್ಬರಿಗೂ ಅಂಥದೊಂದು ಹಾಳೆ ಇತ್ತು. ಯಾವ ಆ್ಯಂಟಿಬಯಾಟಿಕ್ ಕೊಟ್ಟರು, ಯಾಕೆ ಕೊಟ್ಟರು, ಕೀವನ್ನು ಪರೀಕ್ಷೆಗೆ ಕಳಿಸಿದರೋ ಇಲ್ಲವೋ, ಎಷ್ಟು ದಿನಕ್ಕೆ ಗುಣ ಕಂಡಿತು, ಎಲ್ಲವನ್ನೂ ಅವರು ಅದರಲ್ಲಿ ಬರೆದಿಡುತ್ತಿದ್ದರು. ಅದು ಅವರ ಪರೀಕ್ಷೆಗೆ ಒಪ್ಪಿಸಬೇಕಾದ ಕೆಲಸವಂತೆ.

"ಮುಟ್ಟಿಲ್ಲ ಅಂದ್ರೆ ಒಳ್ಳೇದೇ ಆಯ್ತು. ಮಾಮೂಲಿ ಇಂಜೆಕ್ಷನ್ನಿಗೇ ಇಳಿಯುತ್ತೆ," ಎಂದು ಚಿಕ್ಕ ಡಾಕ್ಟರು ಜೇಬಿನಿಂದ ನೀಲಿ ಪೆನ್ನು ತೆಗೆದು, ಅಕ್ಕನ ಕಾಲಿನ ಮೇಲೆ ಕೆಂಪು ಎಲ್ಲಿಗೆ ಮುಗಿದಿತ್ತೋ ಅಲ್ಲಿ ಸುತ್ತಲೂ ಒಂದು ಗೆರೆ ಎಳೆದರು. "ಕೆಂಪು ಈ ಗೆರೆ ಒಳಗೇ ಇರ್ಬೇಕು. ದಾಟಿದ್ರೆ ತಕ್ಷಣ ನಮಗೆ ಹೇಳಿ."

ತಮ್ಮ ತಲೆಯಾಡಿಸಿದ. ಮಂಚದ ಮೇಲೆ ತೂಗುಹಾಕಿದ್ದ ಔಷಧಿ ಬಾಟಲಿಯ ಚೀಟಿಯನ್ನು ಅವನು ಆಗಲೇ ಓದಿಯಾಗಿತ್ತು. ಚೀಟಿ ಓದುವುದೇ ಅವನ ಬದುಕು.

ಬಸ್ ನಿಲ್ದಾಣದ ಪಕ್ಕದ ಔಷಧಿ ಅಂಗಡಿಯಲ್ಲಿ ಅವನು ಇಪ್ಪತ್ತಾರು ವರ್ಷದಿಂದ ಕುಳಿತಿದ್ದ. ಬೀದಿಯವರೆಲ್ಲ ಅವನನ್ನು ಮಾತ್ರೆಯಣ್ಣ ಎಂದೇ ಕರೆಯುತ್ತಿದ್ದರು. ಕೆಮ್ಮಿಗೆ, ಹಲ್ಲುನೋವಿಗೆ, ಕುರುವಿಗೆ ಜನ ಮೊದಲು ಬರುತ್ತಿದ್ದುದು ಅವನ ಕಟ್ಟೆಗೆ. ಡಾಕ್ಟರ ಮನೆಯ ಮೆಟ್ಟಿಲು ಹತ್ತುವುದು ಆಮೇಲಿನ ಮಾತು. "ಮಾತ್ರೆಯಣ್ಣ ಮುಖ ನೋಡಿದ್ರೇ ರೋಗ ಅರ್ಧ ಕಮ್ಮಿ" ಎಂದು ಯಾರಾದರೂ ಹೊಗಳಿದರೆ ಅವನು ಕನ್ನಡಕ ಸರಿಮಾಡಿಕೊಂಡು, ಕೇಳಿಸಲೇ ಇಲ್ಲವೆಂಬಂತೆ ಡ್ರಾಯರಿನಲ್ಲಿ ಏನನ್ನೋ ಹುಡುಕುತ್ತಿದ್ದ. ಕೇಳಿಸಿರುತ್ತಿತ್ತು.

ಅವನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದು ಅಕ್ಕನ ಕೈಗಳು. ಅಮ್ಮ ಹೋದಾಗ ಅವನಿಗೆ ಆರು, ಅವಳಿಗೆ ಹದಿನಾಲ್ಕು. ಅಂದು ದೊಡ್ಡ ಹೋಟೆಲೊಂದರ ಬಟ್ಟೆ ಒಗೆಯುವ ಕೋಣೆಗೆ ಕೆಲಸಕ್ಕೆ ಸೇರಿದವಳು ಇಂದಿಗೂ ಅಲ್ಲೇ ಇದ್ದಳು. ಹಾಸಿಗೆ ಬಟ್ಟೆಗಳ ಗುಡ್ಡ, ಬಿಳುಪು ಮಾಡುವ ಪುಡಿಯ ಘಾಟು, ಬೆಳಗಿನಿಂದ ಸಂಜೆಯವರೆಗೂ ಒಳಗೆ ನೀರು ನಿಂತೇ ಇರುವ ರಬ್ಬರ್ ಬೂಟು. ಎರಡು ವರ್ಷದ ಹಿಂದೆ ಅವಳ ಕೈ ಮೊದಲ ಸಲ ಬಿರುಕು ಬಿಟ್ಟು ನೀರು ಒಸರಿದಾಗ ಅವಳು ಹೋಗಿದ್ದು ಯಾವ ಆಸ್ಪತ್ರೆಗೂ ಅಲ್ಲ. ನೇರ ತಮ್ಮನ ಅಂಗಡಿಗೆ.

"ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನನಗೆ ನನ್ನ ಹಿತ್ತಲ ಗಿಡಾನೇ ಮದ್ದು," ಎಂದು ಗಿರಾಕಿಗಳ ಎದುರಿಗೇ ಜೋರಾಗಿ ಹೇಳಿ ಕೈ ಚಾಚಿದ್ದಳು. ತಮ್ಮ ನೋಡಿದ. ಮೂರು ದಿನಕ್ಕಾಗುವಷ್ಟು ಕ್ಯಾಪ್ಸೂಲು ಕೊಟ್ಟು ಎರಡು ದಿನ ಕೆಲಸಕ್ಕೆ ಹೋಗಬೇಡವೆಂದ. ಎರಡೇ ದಿನಕ್ಕೆ ಕಮ್ಮಿಯಾಯಿತು. ಮಿಕ್ಕ ಕ್ಯಾಪ್ಸೂಲುಗಳನ್ನು ಅವಳು ಒಂದು ತಗಡಿನ ಡಬ್ಬಿಯಲ್ಲಿ ಜೋಪಾನ ಮಾಡಿದಳು. ಮತ್ತೆ ಬಂತು, ಮತ್ತೆ ಕೊಟ್ಟ. ಈ ಸಲ ಇನ್ನೂ ಜೋರಾದದ್ದು. ಆಮೇಲೆ ಪಾದಕ್ಕೂ ಇಳಿಯಿತು. ಹೀಗೆ ನಾಲ್ಕು ಸಲ. ಐದನೇ ಸಲ ಅವನ ಅಂಗಡಿಯವರೆಗೆ ನಡೆದು ಬರುವ ಶಕ್ತಿ ಅವಳಿಗೆ ಇರಲಿಲ್ಲ. ಒಗೆಯುವ ಕೋಣೆಯಲ್ಲೇ ಕುಸಿದು ಬಿದ್ದವಳನ್ನು ಜೊತೆಯ ಹೆಂಗಸರು ಸೀದಾ ಇಲ್ಲಿಗೆ ತಂದು ಹಾಕಿದ್ದರು.

ಡಾಕ್ಟರು ಮುಂದಿನ ಮಂಚಕ್ಕೆ ಹೋದ ಮೇಲೆ ತಮ್ಮ ಬಗ್ಗಿ ಪಿಸುಗುಟ್ಟಿದ. "ಯಾಕೆ ಹಾಗಂದೆ?"

"ಏನಂದೆ?"

"ಮಾತ್ರೆ ಮುಟ್ಟಿಲ್ಲ ಅಂತ."

"ಮತ್ತಿನ್ನೇನು ಅನ್ಬೇಕಿತ್ತು? ನನ್ನ ತಮ್ಮನೇ ಡಾಕ್ಟ್ರು, ಚೀಟಿ ಗೀಟಿ ಇಲ್ದೆ ಅವನೇ ಕೊಡ್ತಾನೆ ಅಂತ ಡಂಗುರ ಹೊಡೀಬೇಕಿತ್ತಾ? ನಾಳೆ ಯಾರಾದ್ರೂ ಬಂದು ಅಂಗಡಿ ಬಾಗಿಲು ಮುಚ್ಚಿಸಿದ್ರೆ ನಿನ್ನ ಹೆಂಡತಿ ಮಕ್ಕಳನ್ನ ನಾನು ಸಾಕ್ಲಾ, ಈ ಕಾಲಿಟ್ಕೊಂಡು?" ಅಕ್ಕ ಕಣ್ಣು ಮುಚ್ಚಿದಳು. "ಸುಮ್ನಿರು. ಎಲ್ಲಾ ಸರಿಹೋಗುತ್ತೆ."

ಅವನು ಸುಮ್ಮನಾದ. ಸುಮ್ಮನಾಗಲು ಯಾರೋ ಅಪ್ಪಣೆ ಕೊಟ್ಟರಲ್ಲ ಎಂದು ಮನಸ್ಸಿನ ಮೂಲೆಯಲ್ಲಿ ಒಂದಿಷ್ಟು ನಿರಾಳವೂ ಆಯಿತು. ಆ ನಿರಾಳ ಅವನನ್ನು ಆಮೇಲೆ ಬಹಳ ದಿನ ಚುಚ್ಚುತ್ತಿತ್ತು.

ಮರುದಿನ ಸಂಜೆ ಅವನು ಬಂದಾಗ ಕೆಂಪು ಗೆರೆಯ ಮೇಲೆ ಕುಳಿತಿತ್ತು. ದಾಟಿತ್ತು ಎನ್ನುವ ಹಾಗೂ ಇಲ್ಲ, ಒಳಗಿತ್ತು ಎನ್ನುವ ಹಾಗೂ ಇಲ್ಲ. ವಾರ್ಡಿನ ನರ್ಸಮ್ಮ ಬಗ್ಗಿ ನೋಡಿ, "ಇನ್ನೂ ಒಂದು ದಿನ ನೋಡೋಣ. ಔಷಧಿ ಹಿಡಿಯೋಕೆ ಟೈಮ್ ಬೇಕಲ್ಲ," ಎಂದರು. ಅವರು ಇಪ್ಪತ್ತು ವರ್ಷ ಇದೇ ವಾರ್ಡಿನಲ್ಲಿ ಸವೆದವರು. "ಇಲ್ಲಿ ಕಾಲಿಟ್ಟೋರಿಗೆಲ್ಲ ಒಂದು ಬಾಟ್ಲು ನೇತು ಹಾಕೋದು ನಮ್ಮ ದೊಡ್ಡ ಡಾಕ್ಟ್ರ ಪದ್ಧತಿ. ಬೇಕಿತ್ತೋ ಬೇಡವೋ, ಕೆಲಸ ಮಾಡ್ತೋ ಇಲ್ವೋ, ಇಷ್ಟು ವರ್ಷ ಯಾರು ಕೇಳಿದ್ರು ಹೇಳಿ? ಈಗ ಈ ಹುಡುಗಿ ಹಾಳೆ ಹಿಡ್ಕೊಂಡು ಓಡಾಡ್ತಾ ಇದೆ. ಪಾಪ, ದೊಡ್ಡೋರ ಕೆಂಗಣ್ಣಿಗೂ ಬಿದ್ದಿದೆ."

ಮಾತ್ರೆಯಣ್ಣನಿಗೆ ನರ್ಸಮ್ಮನ ಮಾತು ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಬಾಟಲಿಯಿಂದ ತೊಟ್ಟಿಕ್ಕುತ್ತಿದ್ದ ಔಷಧಿ ಯಾವುದು, ಅದು ಯಾವ ಮನೆತನದ್ದು, ಅವನಿಗೆ ಚೆನ್ನಾಗಿ ಗೊತ್ತಿತ್ತು. ತಾನು ನಾಲ್ಕು ಸಲ ಕೊಟ್ಟ ಕ್ಯಾಪ್ಸೂಲುಗಳ ದೊಡ್ಡಣ್ಣ ಅದು. ಅರ್ಧಂಬರ್ಧ ಕುಡಿದ ಮದ್ದಿನಲ್ಲಿ ಸಾಯದೆ ಉಳಿದ ಕ್ರಿಮಿ, ಆ ಮದ್ದಿನ ಅಣ್ಣತಮ್ಮಂದಿರಿಗೂ ಜಗ್ಗುವುದಿಲ್ಲ. ಓದುವ ಕಾಲದಲ್ಲಿ ಇದನ್ನು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದ. ಈಗ ಬಾಯಿ ಬಿಟ್ಟು ಹೇಳುವುದು ಅಷ್ಟೇ ಬಾಕಿ. ಹೇಳಿದರೆ, ಅದು ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ನಾಳೆ ನೋಡೋಣ ಎಂದುಕೊಂಡು ಮನೆಗೆ ಹೋದ. ಹೆಂಡತಿ "ಅಕ್ಕ ಹೇಗಿದ್ದಾರೆ?" ಎಂದಾಗ "ನೋಡ್ಬೇಕು" ಎಂದಷ್ಟೇ ಅಂದ.

ಮೂರನೆಯ ದಿನ ಬೆಳಿಗ್ಗೆ ಅಂಗಡಿ ತೆರೆಯದೆ ಸೀದಾ ವಾರ್ಡಿಗೆ ಬಂದ. ನೀಲಿ ಗೆರೆ ಕೆಂಪಿನ ನಡುವೆ ಮುಳುಗಿಹೋಗಿತ್ತು. ಕೆಂಪು ಎರಡು ಬೆರಳು ಮೇಲಕ್ಕೆ, ತೊಡೆಯ ಕಡೆ ಹತ್ತಿತ್ತು. ಅಕ್ಕನ ತುಟಿ ಒಣಗಿ ಬಿಳಿ ಕಟ್ಟಿತ್ತು. ಅವನನ್ನು ನೋಡಿ ಅವಳು ಸಿಡುಕಿದಳು.

"ಇನ್ನೂ ಇಲ್ಲೇ ಇದೀಯಾ? ಗಂಟೆ ಹೊಡೆದು ಎಷ್ಟೊತ್ತಾಯ್ತು? ಚೀಲ ಎಲ್ಲಿ? ಮೇಷ್ಟ್ರ ಕೈಲಿ ಏಟು ತಿಂದ್ರೆ ನನ್ನ ಹತ್ರ ಅಳ್ತಾ ಬರ್ಬೇಡ."

"ಅಕ್ಕಾ, ನಾನು…"

"ಬಟನ್ ಹಾಕ್ಕೋ ಮೊದಲು," ಎಂದು ಅವಳು ಬಿರುಕುಬಿಟ್ಟ ಕೈಯನ್ನು ಅವನ ಅಂಗಿಯ ಕಡೆ ಚಾಚಿದಳು. ಅಷ್ಟು ದೂರ ಕೈ ಹೋಗಲಿಲ್ಲ.

ಐವತ್ತೆರಡು ವರ್ಷದ ಮನುಷ್ಯ ಅಂಗಿಯ ಮೇಲಿನ ಬಟನ್ ಹಾಕಿಕೊಂಡ. ಆಮೇಲೆ ಉದ್ದನೆಯ ಕಾರಿಡಾರಿನಲ್ಲಿ ಹೆಚ್ಚು ಕಡಿಮೆ ಓಡಿದ. ಚಿಕ್ಕ ಡಾಕ್ಟರು ಡ್ರೆಸಿಂಗ್ ಕೋಣೆಯ ಬಾಗಿಲಲ್ಲಿ ನಿಂತೇ ಬ್ರೆಡ್ಡು ತಿನ್ನುತ್ತಿದ್ದರು.

"ಡಾಕ್ಟ್ರೇ, ನಮ್ಮಕ್ಕ ಮೊನ್ನೆ ನಿಮಗೆ ಸುಳ್ಳು ಹೇಳಿದ್ದು. ಮಾತ್ರೆ ತಗೊಂಡಿದಾಳೆ. ನಾಲ್ಕು ಸಲ. ನಾನೇ ಕೊಟ್ಟಿದ್ದು."

ಡಾಕ್ಟರು ಬ್ರೆಡ್ಡನ್ನು ಕೆಳಗಿಟ್ಟರು. "ನೀವು?"

"ನಂದು ಔಷಧಿ ಅಂಗಡಿ."

ಅವನು ಬೈಗುಳಕ್ಕೆ ತಯಾರಾಗಿದ್ದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆದರೆ ಆ ಹುಡುಗಿ ಫೈಲಿನಿಂದ ಅಕ್ಕನ ಹಾಳೆ ಎಳೆದುಕೊಂಡು, 'ಇಲ್ಲ' ಎಂಬುದರ ಮೇಲೆ ಅಡ್ಡಗೆರೆ ಹೊಡೆದು, "ಹೇಳಿ. ಯಾವ್ದು, ಎಷ್ಟು ಪವರು, ಎಷ್ಟು ದಿನ," ಎಂದರು.

ಅವನು ಹೇಳುತ್ತಾ ಹೋದ. ಅಂಗಡಿಯಲ್ಲಿ ಯಾವ ಡಬ್ಬಿ ಯಾವ ಗೂಡಿನಲ್ಲಿದೆ ಎಂದು ಕಣ್ಣು ಕಟ್ಟಿಕೊಂಡು ಹೇಳಬಲ್ಲ ಮನುಷ್ಯ ಅವನು. ಒಂದು ಹೆಸರೂ ತಪ್ಪಲಿಲ್ಲ. ಖಾನೆಯಲ್ಲಿ ಜಾಗ ಸಾಲದೆ ಡಾಕ್ಟರು ಹಾಳೆ ಮಗುಚಿ ಹಿಂಬದಿಯಲ್ಲಿ ಬರೆದುಕೊಂಡರು.

"ಪ್ರತಿ ಸಲ ಮೂರೇ ದಿನಾನಾ?"

"ನಾನು ಮೂರು ದಿನಕ್ಕೆ ಕೊಡ್ತಿದ್ದೆ. ಅವಳು ಎರಡು ದಿನ ತಗೊಂಡು ಮಿಕ್ಕಿದ್ದನ್ನ ಡಬ್ಬೀಲಿ ಎತ್ತಿಡ್ತಿದ್ಲು. ಮಧ್ಯೆ ಮಧ್ಯೆ ಕೈ ಉರಿದಾಗ ಒಂದೊಂದು ನುಂಗ್ತಿದ್ಲು. ನನಗೆ ಗೊತ್ತಿತ್ತು. ಬೇಡ ಅನ್ಲಿಲ್ಲ."

"ಇದನ್ನ ಮೊನ್ನೇನೇ…" ಎಂದು ಶುರು ಮಾಡಿದ ಡಾಕ್ಟರು ಅವನ ಮುಖ ನೋಡಿ ಮಾತನ್ನು ಅಲ್ಲೇ ಬಿಟ್ಟರು. "ಕೀವಿನ ರಿಪೋರ್ಟು ನಾಳೆ ಬರುತ್ತೆ. ಅಲ್ಲೀವರೆಗೂ ಕಾಯೋದು ಬೇಡ. ಈ ಮನೆತನದ ಔಷಧೀನೇ ಬಿಟ್ಟುಬಿಡೋಣ."

ಅವರು ದೊಡ್ಡ ಡಾಕ್ಟರಿಗೆ ಫೋನು ಮಾಡಿದರು. ಆ ಕಡೆಯಿಂದ ಗೊಗ್ಗರು ದನಿಯೊಂದು ಬಹಳ ಹೊತ್ತು ಮಾತಾಡಿತು. ಹುಡುಗಿಯ ಕಿವಿ ಕೆಂಪಾಯಿತು. "ಸರ್, ಎರಡು ವರ್ಷದ ಚರಿತ್ರೆ ಈಗ ಸಿಕ್ಕಿದೆ ಸರ್. ಕೆಂಪು ಗೆರೆ ದಾಟಿದೆ. ನಾನು ಬದಲಾಯಿಸ್ತೀನಿ ಸರ್," ಎಂದು ಮೂರು ಸಲ ಅದನ್ನೇ ಹೇಳಿದರು. ಮೂರನೇ ಸಲ ಆ ಕಡೆ ಒಪ್ಪಿತೆಂದು ಕಾಣುತ್ತದೆ. ಅರ್ಧ ಗಂಟೆಯೊಳಗೆ ಅಕ್ಕನ ಮಂಚದ ಮೇಲೆ ಬೇರೆ ಬಾಟಲಿ ತೂಗಾಡುತ್ತಿತ್ತು.

ಮರುದಿನ ಬಂದ ರಿಪೋರ್ಟನ್ನು ಚಿಕ್ಕ ಡಾಕ್ಟರು ಅವನ ಕೈಗೇ ಕೊಟ್ಟರು. ಹನ್ನೆರಡು ಔಷಧಿಗಳ ಹೆಸರು, ಒಂದೊಂದರ ಮುಂದೆ ಒಂದು ಅಕ್ಷರ: ಕ್ರಿಮಿ ಇದಕ್ಕೆ ಮಣಿಯುತ್ತದೆ, ಇದಕ್ಕೆ ಮಣಿಯುವುದಿಲ್ಲ. ಅವನು ಬೆರಳಿಟ್ಟು ಓದಿದ. ಮಣಿಯದ ಎಂಟರಲ್ಲಿ ಮೂರು ಅವನ ಅಂಗಡಿಯ ಕಣ್ಣೆದುರಿನ ಗೂಡಿನವು, ಕೈ ಎತ್ತಿದರೆ ಸಿಗುವಂಥವು. ನಿನ್ನೆ ಬದಲಾಯಿಸಿದ್ದು ಮಣಿಯುವ ನಾಲ್ಕರಲ್ಲಿ ಒಂದು.

ಎರಡು ದಿನಕ್ಕೆ ಜ್ವರ ಇಳಿಯಿತು. ಕೆಂಪು ಬಂದ ದಾರಿಯಲ್ಲೇ ಹಿಂದೆ ಸರಿಯತೊಡಗಿತು. ದಿನಕ್ಕೆರಡು ಸಲ ನರ್ಸಮ್ಮ ತೆಳು ಗುಲಾಬಿ ಬಣ್ಣದ ಔಷಧಿ ನೀರಿನಲ್ಲಿ ಅಕ್ಕನ ಕೈಕಾಲು ಅದ್ದಿಸಿ, ಒರೆಸಿ, ಮುಲಾಮು ಸವರುತ್ತಿದ್ದರು. ಬುದ್ಧಿ ತಿಳಿಯಾದ ಕೂಡಲೇ ಅಕ್ಕನಿಗೆ ಪಕ್ಕದ ಮಂಚದವಳಿಂದ ಸಂಗತಿ ಗೊತ್ತಾಯಿತು: ತಮ್ಮ ಎಲ್ಲವನ್ನೂ ಒಪ್ಪಿಕೊಂಡು ಬಂದಿದ್ದಾನೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಒಂದು ಇಡೀ ದಿನ ಅವನು ತಂದ ಹಾಲನ್ನು ಮುಟ್ಟಲಿಲ್ಲ.

ಅವನಿಗೆ ಇನ್ನೊಂದು ಪ್ರಶ್ನೆ ಕೊರೆಯುತ್ತಿತ್ತು. ಡಾಕ್ಟರು ಒಬ್ಬರೇ ಸಿಕ್ಕಾಗ ಕೇಳಿಯೇ ಬಿಟ್ಟ.

"ನಾನು ಕಮ್ಮಿ ದಿನ ಕೊಟ್ಟಿದ್ದು ತಪ್ಪು, ಒಪ್ಕೋತೀನಿ. ಪೂರ್ತಿ ಏಳು ದಿನ ಕೊಟ್ಟಿದ್ರೆ ಸರಿಹೋಗ್ತಿತ್ತಾ?"

"ಮೊದಲನೇ ಸಲ ಹೇಗಿತ್ತು ಹೇಳಿ. ಜ್ವರ? ಕೀವು?"

"ಇಲ್ಲ. ನವೆ. ನೀರು ಒಸರೋದು. ಎರಡೂ ಕೈಗೆ."

"ಎರಡೂ ಕೈಗೆ ಒಂದೇ ಥರಾನಾ?"

"ಒಂದೇ ಥರ."

ಚಿಕ್ಕ ಡಾಕ್ಟರಿಗೆ ನಗು ಬಂದಂತಾಗಿ ತಡೆದುಕೊಂಡರು. "ಕ್ರಿಮಿಗಳು ಅಷ್ಟು ನ್ಯಾಯವಾಗಿ ಪಾಲು ಹಂಚ್ಕೊಂಡು ಬರಲ್ಲ ಅಣ್ಣ. ಅದು ಸೋಪು, ಬ್ಲೀಚು, ರಬ್ಬರ್ ಬೂಟು. ಚರ್ಮಕ್ಕೆ ಒಗ್ಗದೆ ಎದ್ದಿದ್ದು. ಅದಕ್ಕೆ ಒಂದು ಟ್ಯೂಬ್ ಮುಲಾಮು ಹಚ್ಚಿ, ಒಣಗಿಸಿ ಇಟ್ಕೊಂಡಿದ್ರೆ ಸಾಕಿತ್ತು. ನೀವು ಹೇಳಿದ್ದು ನೋಡಿದ್ರೆ, ನಾಲ್ಕರಲ್ಲಿ ಮೂರು ಸಲ ಆ ಕ್ಯಾಪ್ಸೂಲು ಬೇಕಾಗೇ ಇರ್ಲಿಲ್ಲ. ಕೊನೇ ಸಲ ಬೇಕಿತ್ತು. ಆದ್ರೆ ಅಷ್ಟೊತ್ತಿಗೆ…"

ಅಷ್ಟು ಹೊತ್ತಿಗೆ ಏನಾಗಿತ್ತು ಎಂಬುದನ್ನು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಎರಡು ವರ್ಷ ಆ ಅಂಗೈಯನ್ನೇ ಅವಳು ಅವನ ಮುಂದೆ ಬಿಚ್ಚಿ ಹಿಡಿದಿದ್ದಳು.

ಸಂಜೆ ಅಕ್ಕನ ಮಂಚದ ಬಳಿ ಕುಳಿತು ಅವನು ಗೋಡೆಗೆ ಹೇಳುವವನಂತೆ ಎಲ್ಲವನ್ನೂ ಹೇಳಿದ. ಅವಳು ತಿರುಗದೆಯೇ, "ಸುಳ್ಳು," ಎಂದಳು. "ನೀನು ಕೊಟ್ಟಾಗೆಲ್ಲ ನನಗೆ ಕಮ್ಮಿ ಆಗಿತ್ತು."

"ಎರಡು ದಿನ ನೀನು ಕೆಲಸಕ್ಕೆ ಹೋಗ್ಲಿಲ್ಲ. ನೀರು ಮುಟ್ಲಿಲ್ಲ. ಅದಕ್ಕೆ ಕಮ್ಮಿ ಆಯ್ತು ಅಕ್ಕ. ಮಾತ್ರೆ ಸುಮ್ನೆ ಹೆಸರು ತಗೊಳ್ತು. ನಾನೂ ತಗೊಂಡೆ."

ಅಕ್ಕ ಮೆಲ್ಲಗೆ ಹೊರಳಿದಳು. ಅವನು ಅಳುತ್ತಿದ್ದಾನೋ ಎಂದು ನೋಡಲು ಹೊರಳಿದ್ದಳು. ಅಳುತ್ತಿರಲಿಲ್ಲ, ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸುತ್ತಿದ್ದ, ಅದು ಚೊಕ್ಕಟವಾಗಿಯೇ ಇದ್ದರೂ.

"ಅಂಗಡಿ?" ಎಂದಳು.

"ಅಂಗಡಿ ಇದೆ. ಡಾಕ್ಟ್ರು ಯಾರಿಗೂ ಹೇಳಿಲ್ಲ. ಹಾಳೇಲಿ ಹೆಸರು ಬರೆಯಲ್ಲವಂತೆ, ನಂಬರ್ ಅಷ್ಟೇ ಅಂತೆ. ಇಲ್ಲೀವರೆಗೂ ಮೂವತ್ತು ಜನಾನ ಕೇಳಿದ್ರಂತೆ. ಇಪ್ಪತ್ತಾರು ಜನ 'ಏನೂ ತಗೊಂಡಿಲ್ಲ' ಅಂದ್ರಂತೆ."

"ಇಪ್ಪತ್ತಾರು ಜನಾನೂ ತಮ್ಮಂದಿರನ್ನ ಇಟ್ಕೊಂಡಿದ್ರು ಅಂತ ಕಾಣುತ್ತೆ," ಎಂದಳು ಅಕ್ಕ. ಪಕ್ಕದ ಮಂಚದವಳು ಕಿಸಕ್ಕನೆ ನಕ್ಕಳು. ಅಕ್ಕ ನಗಲಿಲ್ಲ. ಆದರೆ ಕೈ ಚಾಚಿ ಹಾಲಿನ ಲೋಟ ತೆಗೆದುಕೊಂಡಳು.

ಅಂಗಡಿ ಮತ್ತೆ ತೆರೆದ ಮೊದಲ ಬೆಳಿಗ್ಗೆಯೇ ಎದುರುಸಾಲಿನ ಬಡಗಿ ಬಂದ. ಇಪ್ಪತ್ತು ವರ್ಷದ ಸ್ನೇಹ. ಗಂಟಲು ಕಟ್ಟಿತ್ತು. "ಆ ಕೆಂಪು ಕ್ಯಾಪ್ಸೂಲು ನಾಲ್ಕು ಕೊಡಪ್ಪ, ಕೆಲಸ ತುಂಬಾ ಇದೆ," ಎಂದ.

"ಬಾಯಿ ತೆಗಿ," ಎಂದು ಮಾತ್ರೆಯಣ್ಣ ಟಾರ್ಚು ಹಾಕಿ ನೋಡಿದ. ನೋಡಿದ ಮೇಲೆ, ನೋಡುವ ಹಕ್ಕು ತನಗೆ ಎಲ್ಲಿಂದ ಬಂತು ಎಂದು ತಾನೇ ಟಾರ್ಚು ಆರಿಸಿದ. "ಬಿಸಿ ಉಪ್ಪುನೀರಲ್ಲಿ ಮುಕ್ಕಳಿಸು. ಜ್ವರ ಬಂದ್ರೆ, ಇಲ್ಲಾ ಮೂರು ದಿನಕ್ಕೂ ಹೋಗ್ದಿದ್ರೆ ಡಾಕ್ಟ್ರಿಗೆ ತೋರ್ಸು. ಚೀಟಿ ತಂದ್ರೆ ಕೊಡ್ತೀನಿ."

ಬಡಗಿ ತಮಾಷೆಯೆಂದು ನಕ್ಕ. ಇವನು ನಗಲಿಲ್ಲ. ಬಡಗಿಯ ಮುಖ ಸಣ್ಣದಾಯಿತು. "ಇಷ್ಟು ವರ್ಷ ಕೊಟ್ಟೋನು ಈಗ ಚೀಟಿ ಕೇಳ್ತೀಯಾ? ನಾನೇನು ದಾರೀಲಿ ಹೋಗೋನಾ?"

"ದಾರೀಲಿ ಹೋಗೋನಾಗಿದ್ರೆ ಇಷ್ಟು ಕಷ್ಟ ಇರ್ಲಿಲ್ಲ," ಎಂದ ಮಾತ್ರೆಯಣ್ಣ.

ಬಡಗಿ ರಸ್ತೆ ದಾಟಿ ಮೂಲೆಯ ಇನ್ನೊಂದು ಅಂಗಡಿಗೆ ಹೋದ. ಎರಡು ನಿಮಿಷದಲ್ಲಿ ಕಾಗದದ ಪೊಟ್ಟಣ ಹಿಡಿದು ಹೊರಬಂದ. ಈ ಕಡೆ ತಿರುಗಿ ನೋಡದೆ ನಡೆದ. ಆ ದಿನ ಅಂಥವರು ಇನ್ನೂ ಐದಾರು ಜನ ಬಂದರು. ಒಬ್ಬಳು ತಾಯಿ ಮಾತ್ರ ಮಗುವಿನ ಕೆನ್ನೆಯ ಮೇಲಿನ ಕಜ್ಜಿ ತೋರಿಸಿ, ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಸರಿ, ಹಾಗಾದ್ರೆ ಆಸ್ಪತ್ರೆಗೇ ಹೋಗ್ತೀನಿ. ಯಾವ ಬಸ್ಸು?" ಎಂದು ಕೇಳಿದಳು. ಅವನು ಕಟ್ಟೆ ಇಳಿದು ಬಂದು ಬಸ್ಸು ತೋರಿಸಿದ.

ಹದಿಮೂರನೆಯ ದಿನ ಅಕ್ಕನನ್ನು ಮನೆಗೆ ಕಳಿಸುವುದೆಂದಾಯಿತು. ಚಿಕ್ಕ ಡಾಕ್ಟರು ಹಾಳೆಯ ಕೊನೆಯ ಖಾನೆ ತುಂಬಿ, ಮನೆಯಲ್ಲಿ ಇನ್ನೂ ಎಷ್ಟು ದಿನ ಯಾವುದನ್ನು ತಪ್ಪಿಸದೆ ನುಂಗಬೇಕೆಂದು ಅಕ್ಕನಿಂದಲೇ ಎರಡು ಸಲ ಬಾಯಿಪಾಠ ಹೇಳಿಸಿದರು. ಹೋಟೆಲಿನ ಮೇಲ್ವಿಚಾರಕಿ ಬಂದು ನೋಡಿ, ಇನ್ನು ಮೇಲೆ ಒಗೆಯುವುದು ಬೇಡ, ಒಣಗಿದ ಬಟ್ಟೆ ಮಡಚುವ ಮೇಜಿಗೆ ಬಾ ಎಂದು ಹೇಳಿ ಹೋಗಿದ್ದಳು. "ಮಡಚೋದೂ ಒಂದು ಕೆಲಸಾನಾ? ಮುದುಕೀರ ಕೆಲಸ," ಎಂದು ಅಕ್ಕ ಅವಳೆದುರಿಗೇ ಮೂಗು ಮುರಿದಿದ್ದಳು. ಬೇಡ ಎನ್ನಲಿಲ್ಲ.

ಕಾಗದಪತ್ರ ಕೈಗೆ ಬರುವವರೆಗೆ ಇಬ್ಬರೂ ವಾರ್ಡಿನ ಹಿಂದಿನ ಜಗಲಿಯ ಬೆಂಚಿನ ಮೇಲೆ ಕುಳಿತಿದ್ದರು. ಬಿಸಿಲು ಮೊಣಕಾಲಿನವರೆಗೆ ಬಂದಿತ್ತು. ಅಕ್ಕನ ಅಂಗೈ ಹಳೆಯ ಸಿಪ್ಪೆ ಕಳಚಿ, ಎಳೆಯ ಮಗುವಿನದರಂತೆ ನಸುಗೆಂಪಾಗಿತ್ತು. ತಮ್ಮ ಚೀಲದಿಂದ ಒಂದು ಕಿತ್ತಳೆ ತೆಗೆದು ಸುಲಿಯಲು ಹೊರಟ. ಎರಡು ವರ್ಷದಿಂದ ಹುಳಿ ಸೋಕಿದರೆ ಅವಳ ಬೆರಳು ಬೆಂಕಿ ಬಿದ್ದಂತೆ ಉರಿಯುತ್ತಿತ್ತು. ಅವಳ ಪಾಲಿನ ಹಣ್ಣನ್ನೆಲ್ಲ ಬೇರೆಯವರೇ ಸುಲಿಯುತ್ತಿದ್ದರು.

"ಕೊಡಿಲ್ಲಿ," ಎಂದು ಅಕ್ಕ ಕಿತ್ತುಕೊಂಡಳು.

"ಬೇಡ ಅಕ್ಕ, ಇನ್ನೂ ಎಳೇ ಚರ್ಮ."

"ನೀನು ಡಾಕ್ಟ್ರಲ್ಲ. ಸುಮ್ನೆ ಕೂತ್ಕೋ."

ಅವಳು ಹೆಬ್ಬೆರಳಿನ ಉಗುರನ್ನು ಸಿಪ್ಪೆಗೆ ಊರಿದಳು. ಸಿಪ್ಪೆಯ ರಸ ಸಣ್ಣಗೆ ಚಿಮ್ಮಿತು. ಅವಳು ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಕಾದಳು. ತಮ್ಮನೂ ಉಸಿರು ಹಿಡಿದು ಕಾದ. ಆಮೇಲೆ ಅವಳ ಭುಜ ಕೆಳಗಿಳಿಯಿತು. ಸಿಪ್ಪೆಯನ್ನು ಒಂದೇ ಸುರುಳಿಯಾಗಿ ಬಿಡಿಸಿ, ತೊಳೆಗಳ ಮೇಲಿನ ಬಿಳಿ ನಾರನ್ನು ಒಂದೊಂದಾಗಿ, ಏನೂ ಅವಸರವಿಲ್ಲದೆ ಕಿತ್ತು, ಒಂದು ತೊಳೆಯನ್ನು ಅವನ ಕೈಯಲ್ಲಿಟ್ಟಳು. ತಾನು ತಿನ್ನಲಿಲ್ಲ. ಹತ್ತೂ ಬೆರಳನ್ನು ಮೂಗಿನ ಹತ್ತಿರ ಹಿಡಿದುಕೊಂಡು, ಬಿಸಿಲಿನಲ್ಲಿ ಹಾಗೇ ಕುಳಿತಳು.